ಎಣಿಸಿದ ನೋಟು ಮತ್ತೆ ಅವರ ಕೈಗೆ ಕೊಡಬೇಡಿ: ಬಾಲಿಯಲ್ಲಿ ಡಾಲರ್ ಬದಲಾಯಿಸುವಾಗ

ನಾನು 33 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು. ಅದರಲ್ಲಿ ಮುಕ್ಕಾಲು ಪಾಲು ಕ್ಯಾಶ್ ಕೌಂಟರಿನಲ್ಲೇ ಕಳೆಯಿತು. ಮೊದಲು ಸಾಗರ, ಆಮೇಲೆ ತೀರ್ಥಹಳ್ಳಿ, ಕೊನೆಗೆ ಶಿವಮೊಗ್ಗ. ಅಡಿಕೆ ಮಾರಾಟದ ದಿನಗಳಲ್ಲಿ ಬೆಳಗ್ಗೆ ಕೂತರೆ ಮಧ್ಯಾಹ್ನ ಊಟಕ್ಕೆ ಏಳುವವರೆಗೆ ಕೈ ನಿಲ್ಲುತ್ತಿರಲಿಲ್ಲ. ಸ್ಪಂಜಿನ ಡಬ್ಬಿಗೆ ಬೆರಳು ಅದ್ದುವುದು, ಎಣಿಸುವುದು, ನೂರು ನೋಟಿಗೊಂದು ಪಟ್ಟಿ ಸುತ್ತುವುದು. ಕೌಂಟರಿನ ಗಾಜಿನ ಮೇಲೆ ಒಂದು ಬೋರ್ಡು ಇತ್ತು: ಕೌಂಟರ್ ಬಿಡುವ ಮುನ್ನ ಹಣ ಎಣಿಸಿಕೊಳ್ಳಿ. ನಮ್ಮ ಬ್ಯಾಂಕುಗಳಲ್ಲಿ ಈ ಬೋರ್ಡನ್ನು ನೀವೂ ನೋಡಿರುತ್ತೀರಿ. ಅದರಲ್ಲಿ ಹೇಳಿರುವುದು ಅರ್ಧ ಮಾತು ಮಾತ್ರ ಎಂದು ನನಗೆ ಗೊತ್ತಾಗಿದ್ದು ರಿಟೈರ್ ಆದ ಮೇಲೆ, ಬಾಲಿ ದ್ವೀಪದ ಕುಟಾ ಎಂಬ ಊರಿನ ಒಂದು ಗಲ್ಲಿಯಲ್ಲಿ.

2024ರ ಜೂನ್‌ನಲ್ಲಿ ನಾವು ನಾಲ್ವರು ಇಂಡೋನೇಷ್ಯಾದ ಬಾಲಿಗೆ ಹೋಗಿದ್ದೆವು. ನಾನು, ನಮ್ಮವರು, ಮಗಳು, ಅಳಿಯ. ಈಗ ಬೆಂಗಳೂರಿನಿಂದ ನೇರ ವಿಮಾನ ಇರುವುದರಿಂದ ನಮ್ಮ ಕಡೆಯವರು ಅಲ್ಲಿಗೆ ಜಾಸ್ತಿ ಹೋಗುತ್ತಿದ್ದಾರೆ. ಹೊಸದಾಗಿ ಮದುವೆಯಾದವರು, ನಮ್ಮಂತೆ ರಿಟೈರ್ ಆದವರು, ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿದವರು. ಅವರಲ್ಲಿ ಒಬ್ಬರಾದರೂ ಇದನ್ನು ಓದಿ ಹೋದರೆ ನಾನು ಕೂತು ಬರೆದದ್ದಕ್ಕೆ ಬೆಲೆ ಬಂತು.

ಮೊದಲ ಸಂಜೆಯೇ ಏಟು ಬಿತ್ತು. ಅಳಿಯ ಒಬ್ಬನೇ ಹೊರಗೆ ಹೋಗಿ 100 ಡಾಲರ್ ಬದಲಾಯಿಸಿಕೊಂಡು ಬಂದ. ಬೋರ್ಡಿನಲ್ಲಿ ಡಾಲರಿಗೆ 16,700 ರುಪಿಯಾ (ಇಂಡೋನೇಷ್ಯಾದ ಹಣ) ಎಂದು ಬರೆದಿತ್ತಂತೆ. ಅಂದರೆ 16,70,000 ರುಪಿಯಾ ಬರಬೇಕು. ಅಂಗಡಿಯವನು ದೊಡ್ಡ ನೋಟು ಇಲ್ಲ ಎಂದು ಎಲ್ಲವನ್ನೂ 20,000ದ ನೋಟುಗಳಲ್ಲೇ ಕೊಟ್ಟಿದ್ದ. 83 ನೋಟು, ಮೇಲೆ ಹತ್ತು ಸಾವಿರದ್ದು ಒಂದು. ಅಳಿಯ ಅಲ್ಲೇ ನಿಂತು ಎಣಿಸಿದ್ದಾನೆ, ಸರಿಯಾಗಿಯೇ ಇತ್ತು. ಹೋಟೆಲ್ ರೂಮಿಗೆ ಬಂದು ಹಾಸಿಗೆ ಮೇಲೆ ಹರವಿದರೆ 20 ನೋಟು ಕಡಿಮೆ. ನಾಲ್ಕು ಲಕ್ಷ ರುಪಿಯಾ, ನಮ್ಮ ಲೆಕ್ಕದಲ್ಲಿ ಸುಮಾರು 2,000 ರೂಪಾಯಿ. "ಅತ್ತೆ, ನಾನೇ ಎಣಿಸಿದ್ದೆ. ಎರಡು ಸಲ ಎಣಿಸಿದ್ದೆ" ಅಂದ. ಅವನ ಮುಖ ನೋಡಲಾಗಲಿಲ್ಲ. ಬೆಳಗ್ಗೆ ಹೋಗಿ ಕೇಳಿದ್ದಕ್ಕೆ, ನೀವೇ ಎಣಿಸಿಕೊಂಡು ಹೋದಿರಲ್ಲ ಅಂದುಬಿಟ್ಟರು.

ಅವನು ಎಣಿಸಿದ್ದು ನಿಜ. ಎಣಿಸಿದ ಮೇಲೆ ಏನಾಯಿತು ಎನ್ನುವುದು ಮರುದಿನ ನನ್ನ ಕಣ್ಣಿಗೇ ಬಿತ್ತು.

ಕೈ ಎಲ್ಲಿ ಹೋಗುತ್ತದೆ ನೋಡಿ

ಮರುದಿನ ಮಧ್ಯಾಹ್ನ ಮಗಳ ಜೊತೆ ಬೇರೆ ಅಂಗಡಿಗೆ ಹೋದೆ. ಮುಂದೆ ಸರೋಂಗ್ ಬಟ್ಟೆ, ಮರದ ಬೊಂಬೆ, ಕೀಚೈನು ಮಾರುವ ಅಂಗಡಿ. ಹಿಂದೆ ಒಂದು ಮೂಲೆಯಲ್ಲಿ ಟೇಬಲ್ಲು, ಅದರ ಮೇಲೆ ಕ್ಯಾಲ್ಕುಲೇಟರ್. ಹೊರಗಿನ ಬೋರ್ಡಿನಲ್ಲಿ 16,600, ಕೆಳಗೆ ದೊಡ್ಡದಾಗಿ "ನೋ ಕಮಿಷನ್". ನಾನು 200 ಡಾಲರ್ ಕೊಟ್ಟೆ. ಬರಬೇಕಾದದ್ದು 33,20,000.

ಅವನು 50,000ದ ನೀಲಿ ನೋಟುಗಳನ್ನು ತೆಗೆದ. ಇಪ್ಪತ್ತು ಇಪ್ಪತ್ತು ನೋಟಿನ ಮೂರು ಗುಡ್ಡೆ ಮಾಡಿದ. ಒಂದೊಂದು ಗುಡ್ಡೆ ಹತ್ತು ಲಕ್ಷ. ಪಕ್ಕದಲ್ಲಿ ಆರು ನೋಟು, ಅದರ ಮೇಲೆ ಹಸಿರು ಬಣ್ಣದ 20,000. ನಿಧಾನವಾಗಿ, ನನಗೆ ಕಾಣುವ ಹಾಗೆಯೇ ಎಣಿಸಿದ. ಆಮೇಲೆ ನನ್ನ ಕಡೆ ತಳ್ಳಿದ. ನಾನೂ ಎಣಿಸಿದೆ. 66 ನೀಲಿ, ಒಂದು ಹಸಿರು. ಲೆಕ್ಕ ಸರಿ.

ಕೈಚಳಕ ಶುರುವಾಗಿದ್ದು ಇಲ್ಲಿಂದ. ಅವನು ನಗುತ್ತಾ "ಒನ್ ಮೋರ್ ಚೆಕ್" ಅಂದ. ನಾಲ್ಕೂ ಗುಡ್ಡೆಯನ್ನು ಒಟ್ಟು ಮಾಡಿ ಎರಡೂ ಕೈಯಲ್ಲಿ ಹಿಡಿದು, ಅಂಚು ಸರಿಮಾಡುವವನಂತೆ ಟೇಬಲ್ಲಿಗೆ ಟಕ್ ಟಕ್ ಎಂದು ಕುಟ್ಟಿದ. ಕುಟ್ಟಿದ್ದು ಅವನ ಕಡೆಯ ಅಂಚಿನಲ್ಲಿ. ಅಷ್ಟು ಹೊತ್ತಿಗೆ ಪಕ್ಕದಲ್ಲಿದ್ದವನು ಮಗಳನ್ನು "ಇಂಡಿಯಾ? ವಿಚ್ ಸಿಟಿ?" ಎಂದು ಮಾತಿಗೆಳೆದ. ಅವಳು ಅತ್ತ ತಿರುಗಿದಳು. ನಾನು ತಿರುಗಲಿಲ್ಲ. ಕ್ಯಾಷಿಯರ್ ಆದವರು ಮುಖ ನೋಡಿ ಮಾತಾಡುವುದಿಲ್ಲ, ಕೈ ನೋಡಿಯೇ ಮಾತಾಡುತ್ತೇವೆ. ಅವನ ಎಡಗೈಯ ಕೆಳಗಿನ ಎರಡು ಬೆರಳು ಸಡಿಲವಾಗಿದ್ದು ಕಂಡಿತು. ಕಟ್ಟಿನ ಕೆಳಗಿನ ಕೆಲವು ನೋಟು ಟೇಬಲ್ಲಿನ ಆ ಬದಿಗೆ ಜಾರಿದವು. ಸದ್ದೇ ಇಲ್ಲ. ಅಲ್ಲಿ ಅರ್ಧ ತೆರೆದ ಡ್ರಾಯರ್ ಇತ್ತು.

ಉಳಿದ ಕಟ್ಟನ್ನು ನೀಟಾಗಿ ಮಡಿಸಿ ನನ್ನ ಕೈಗಿಟ್ಟ. ನೀವು ನಂಬುತ್ತೀರೋ ಇಲ್ಲವೋ, ಎಣಿಸುವ ಮೊದಲೇ ಹೆಬ್ಬೆರಳಿಗೆ ಗೊತ್ತಾಯಿತು. 66 ನೋಟಿನ ದಪ್ಪ ಅದಲ್ಲ. ಅಲ್ಲೇ ಬಿಚ್ಚಿ ಎಣಿಸಿದೆ. 58. ನಾಲ್ಕು ಲಕ್ಷ ರುಪಿಯಾ ಕಡಿಮೆ.

ನಾನು ಜಗಳ ಮಾಡಲಿಲ್ಲ. ರುಪಿಯಾ ಪೂರ್ತಿ ಟೇಬಲ್ಲಿನ ಮೇಲಿಟ್ಟು, ನನ್ನ ಡಾಲರ್ ವಾಪಸ್ ಕೊಡಿ ಅಂದೆ. ಅವನು ಕಮಿಷನ್ ಕಡಿದಿದ್ದೇನೆ ಅಂದ. ನೋ ಕಮಿಷನ್ ಎಂದು ಹೊರಗೆ ಬರೆದಿದೆಯಲ್ಲ ಅಂದೆ. ಅದು ಬೇರೆ ಅಂದ. ನಾನು ಅದೇ ಮಾತನ್ನು ಅದೇ ದನಿಯಲ್ಲಿ ಮೂರು ಸಲ ಹೇಳಿದೆ: ನನ್ನ ಡಾಲರ್ ಕೊಡಿ. ಕೊಟ್ಟ. ತೆಗೆದುಕೊಂಡು ಹಾಗೇ ಬರಲಿಲ್ಲ. ಊರಲ್ಲೇ ಒಂದು ಚೀಟಿಯಲ್ಲಿ ನನ್ನ ನೂರರ ನೋಟುಗಳ ನಂಬರಿನ ಕೊನೆಯ ನಾಲ್ಕು ಅಂಕೆ ಬರೆದಿಟ್ಟುಕೊಂಡಿದ್ದೆ. ಚೀಟಿ ತೆಗೆದು ತಾಳೆ ನೋಡಿದೆ. ಅವೇ ನೋಟು. ಒಳ್ಳೆಯ ನೋಟು ಇಟ್ಟುಕೊಂಡು ಕಳ್ಳನೋಟು ವಾಪಸ್ ಕೊಟ್ಟರೆ ಯಾರನ್ನು ಕೇಳುವುದು? ನೀವು ಚೀಟಿ ಬರೆಯದಿದ್ದರೆ ಫೋನಿನಲ್ಲಿ ಒಂದು ಫೋಟೋ ಆದರೂ ತೆಗೆದಿಟ್ಟುಕೊಳ್ಳಿ.

ಹಾಗಾಗಿ ಬ್ಯಾಂಕಿನ ಬೋರ್ಡಿಗೆ ನಾನು ಸೇರಿಸುವ ಉಳಿದರ್ಧ ಮಾತು ಇದು. ಎಣಿಸಿದರೆ ಸಾಲದು. ಕೊನೆಯ ಎಣಿಕೆ ನಿಮ್ಮದೇ ಆಗಿರಬೇಕು. ನೀವು ಎಣಿಸಿ ಮುಗಿಸಿದ ಮೇಲೆ ನೋಟು ಅವರ ಕೈಗೆ ಮತ್ತೆ ಹೋಗಲೇಬಾರದು. ಇನ್ನೊಮ್ಮೆ ನೋಡುತ್ತೇನೆ, ಚಿಲ್ಲರೆ ಸೇರಿಸುತ್ತೇನೆ, ರಬ್ಬರ್ ಬ್ಯಾಂಡ್ ಹಾಕಿಕೊಡುತ್ತೇನೆ ಎಂದು ಏನೇ ನೆಪ ಹೇಳಲಿ, ಒಂದು ಸಲ ಅವರು ಮುಟ್ಟಿದರೆ ನಿಮ್ಮ ಎಣಿಕೆ ಹೋಯಿತು. ಮತ್ತೆ ಒಂದರಿಂದ ಎಣಿಸಿ. ಹಿಂದೆ ಕ್ಯೂ ಇದ್ದರೂ ಸರಿ, ಅವರು ಮುಖ ಸಿಂಡರಿಸಿದರೂ ಸರಿ. ಬ್ಯಾಂಕಿನಲ್ಲಿ ನನ್ನ ಮುಂದೆ ನಿಂತು ಮೂರು ಮೂರು ಸಲ ಎಣಿಸಿದ ರೈತರನ್ನು ನಾನು ಒಂದು ದಿನವೂ ಅವಸರ ಮಾಡಲಿಲ್ಲ. ಅದು ಅವರ ಹಣ, ಅಲ್ವಾ?

ಇಬ್ಬರಿದ್ದರೆ ಕೆಲಸ ಹಂಚಿಕೊಳ್ಳಿ. ಒಬ್ಬರು ಎಣಿಸಲಿ, ಇನ್ನೊಬ್ಬರು ಅಂಗಡಿಯವರ ಕೈ ನೋಡಲಿ. ಕೈ ನೋಡುವವರು ಯಾರ ಪ್ರಶ್ನೆಗೂ ಉತ್ತರ ಕೊಡಬೇಕಿಲ್ಲ. ಊರು ಯಾವುದು ಎಂದು ಹಣ ಜೇಬಿಗೆ ಹೋದ ಮೇಲೆ ಹೇಳಿದರಾಯಿತು.

ಬೋರ್ಡಿನಲ್ಲಿ ಜಾಸ್ತಿ ರೇಟು ಕಂಡರೆ

ಅವತ್ತೇ ನಾವು ಗಾಜಿನ ಬಾಗಿಲು, ಎಸಿ, ಸಿಸಿಟಿವಿ ಇರುವ ದೊಡ್ಡ ಅಂಗಡಿಯೊಂದಕ್ಕೆ ಹೋದೆವು. ಅಲ್ಲಿ ರೇಟು 16,280. ಅದೇ 200 ಡಾಲರಿಗೆ 32,56,000 ಸಿಕ್ಕಿತು. ಒಂದು ಲಕ್ಷದ ಕೆಂಪು ನೋಟು 32, ಮೇಲೆ 56,000 ಚಿಲ್ಲರೆ. ಎಣಿಸುವುದಕ್ಕೆ ಒಂದು ನಿಮಿಷವೂ ಬೇಕಾಗಲಿಲ್ಲ. ಕಂಪ್ಯೂಟರ್ ಬಿಲ್ಲೂ ಕೊಟ್ಟರು.

ಈಗ ಲೆಕ್ಕ ಹಾಕಿ ನೋಡಿ. ಗಲ್ಲಿಯ ಅಂಗಡಿಯವನು ಬರೆದ ರೇಟು ನಿಜವೇ ಆಗಿದ್ದರೂ ನನಗೆ ಜಾಸ್ತಿ ಬರುತ್ತಿದ್ದದ್ದು 64,000 ರುಪಿಯಾ. ನಮ್ಮ ಸುಮಾರು 330 ರೂಪಾಯಿ. ಆ 330ರ ಆಸೆ ತೋರಿಸಿ 2,000 ಎಳೆದುಕೊಳ್ಳುವುದು ಅವರ ಲೆಕ್ಕಾಚಾರ. ಹಣ ಬದಲಾಯಿಸುವವರೂ ಬೇರೆಯವರಿಂದ ಡಾಲರ್ ಕೊಂಡು ಮಾರಿ ಅದರ ನಡುವಿನ ವ್ಯತ್ಯಾಸದಲ್ಲಿ ಬದುಕಬೇಕು. ಹಾಗಾಗಿ ಮಾರುಕಟ್ಟೆ ರೇಟಿಗಿಂತ ಜಾಸ್ತಿ ಯಾರೂ ಕೊಡಲಾರರು. ಬೀದಿಗೆ ಇಳಿಯುವ ಮೊದಲು ಫೋನಿನಲ್ಲಿ ಅವತ್ತಿನ ರೇಟು ನೋಡಿಕೊಳ್ಳಿ. ಬೋರ್ಡಿನ ರೇಟು ಅದಕ್ಕಿಂತ ಸ್ವಲ್ಪ ಕಡಿಮೆ ಇದ್ದರೆ ಅದು ಪ್ರಾಮಾಣಿಕ ಅಂಗಡಿಯ ಲಕ್ಷಣ. ಜಾಸ್ತಿ ಇದ್ದರೆ ಒಳಗೆ ಕಾಲಿಡಬೇಡಿ.

ಇಂಡೋನೇಷ್ಯಾದಲ್ಲಿ ಹಣ ಬದಲಾಯಿಸುವ ಅಂಗಡಿಗೆ ಅಲ್ಲಿನ ಕೇಂದ್ರ ಬ್ಯಾಂಕಿನ ಲೈಸೆನ್ಸ್ ಬೇಕು. ಅದರ ಹೆಸರು ಬ್ಯಾಂಕ್ ಇಂಡೋನೇಷ್ಯಾ, ನಮ್ಮ ರಿಸರ್ವ್ ಬ್ಯಾಂಕ್ ಇದ್ದ ಹಾಗೆ. ಲೈಸೆನ್ಸ್ ಇರುವ ಅಂಗಡಿಯಲ್ಲಿ "ಕೆಯುಪಿವಿಎ ಬಿಬಿ" ಎಂಬ ಅಕ್ಷರಗಳಿರುವ ಚಿಹ್ನೆ ಕಾಣುತ್ತದೆ. ಬ್ಯಾಂಕ್ ಅಲ್ಲದ, ಆದರೆ ವಿದೇಶಿ ಹಣ ಬದಲಾಯಿಸಲು ಅನುಮತಿ ಇರುವ ಸಂಸ್ಥೆ ಎಂದು ಅದರ ಅರ್ಥ. ಕಂಪನಿಯ ಹೆಸರಿನ ಮುಂದೆ "ಪಿಟಿ" ಎಂದಿರುತ್ತದೆ, ನಮ್ಮಲ್ಲಿ "ಲಿಮಿಟೆಡ್" ಇದ್ದ ಹಾಗೆ. ಆದರೆ ಬರೀ ಬೋರ್ಡು ನಂಬಬೇಡಿ. ಹೆಸರುವಾಸಿ ಅಂಗಡಿಗಳ ಬಣ್ಣ, ಅಕ್ಷರವನ್ನೇ ನಕಲು ಮಾಡಿ ಬೋರ್ಡು ಹಾಕಿಕೊಂಡವರೂ ಇದ್ದಾರೆ. ನಾನು ಒಳಗೆ ಹೋಗಿ ನೋಡುವುದು ಇಷ್ಟು: ಇಲ್ಲಿ ಹಣ ಬದಲಾಯಿಸುವ ಕೆಲಸ ಒಂದೇ ನಡೆಯುತ್ತಿದೆಯಾ, ಅಥವಾ ಬಟ್ಟೆ, ಬೊಂಬೆ, ಟೂರ್ ಟಿಕೆಟ್ ಎಲ್ಲದರ ನಡುವೆ ಇದೂ ಒಂದಾ? ಕೌಂಟರ್ ಅಗಲವಾಗಿ, ಬೆಳಕಾಗಿ ಇದೆಯಾ? ಕ್ಯಾಮೆರಾ ಇದೆಯಾ? ಪ್ರಿಂಟ್ ಆದ ಬಿಲ್ಲು ಕೊಡುತ್ತಾರಾ? ಬಿಲ್ ಕೊಡುವುದಿಲ್ಲ ಅಂದರೆ ಅಲ್ಲಿಂದಲೇ ಹಿಂತಿರುಗಿ.

ಕ್ಯಾಲ್ಕುಲೇಟರ್ ವಿಷಯ ಮರೆಯಬೇಡಿ. ಅವರ ಕ್ಯಾಲ್ಕುಲೇಟರಿನಲ್ಲಿ ಬಂದ ಉತ್ತರ ಉತ್ತರವಲ್ಲ. ನಿಮ್ಮ ಫೋನಿನಲ್ಲಿ ನೀವೇ ಗುಣಿಸಿ, ಬರಬೇಕಾದ ಮೊತ್ತವನ್ನು ಅವರಿಗೆ ತೋರಿಸಿ, ಅವರು ಒಪ್ಪಿದ ಮೇಲೆ ಮಾತ್ರ ಡಾಲರ್ ಕೈಯಿಂದ ಬಿಡಿ. ಕಮಿಷನ್ ಇದೆಯಾ ಎಂದು ಕೇಳಬೇಕಾದದ್ದೂ ಆಗಲೇ. ಕೊಡುವ ಮೊದಲೇ ದೊಡ್ಡ ನೋಟು ಕೇಳಿ. ಸಣ್ಣ ನೋಟುಗಳ ದಪ್ಪ ಕಟ್ಟು ಕೊಡುವುದೇ ನಿಮ್ಮ ಎಣಿಕೆ ತಪ್ಪಲಿ ಎಂದು.

ಸೊನ್ನೆಗಳ ಜೊತೆ ಸ್ನೇಹ

ನಮ್ಮ ಜನ ಮೋಸ ಹೋಗುವುದಕ್ಕೆ ಇನ್ನೊಂದು ಕಾರಣ ಸೊನ್ನೆಗಳು. ಅಷ್ಟು ಸೊನ್ನೆ ಕಂಡರೆ ತಲೆ ಗಿರ್ರೆನ್ನುತ್ತದೆ. ನಾವು ಹೋದಾಗ ಒಂದು ರೂಪಾಯಿಗೆ ಸುಮಾರು 195 ರುಪಿಯಾ ಇತ್ತು. ಇದಕ್ಕೆ ನಾನು ಮಾಡಿಕೊಂಡ ಸುಲಭದ ಲೆಕ್ಕ: ಕೊನೆಯ ಮೂರು ಸೊನ್ನೆ ಅಳಿಸಿ, ಉಳಿದದ್ದನ್ನು ಐದರಿಂದ ಗುಣಿಸಿ. ಹೋಟೆಲಿನ ಮೆನುವಿನಲ್ಲಿ 45,000 ಇದ್ದರೆ 45 ಐದಲಿ 225 ರೂಪಾಯಿ. ಒಂದು ಲಕ್ಷದ ಕೆಂಪು ನೋಟು ಅಂದರೆ ನಮ್ಮ ಐನೂರರ ನೋಟು. ಹತ್ತು ಲಕ್ಷ ಅಂದರೆ 5,000. ಲೆಕ್ಕ ಪಕ್ಕಾ ಅಲ್ಲ, ರೇಟು ಬದಲಾದ ಹಾಗೆ ನೀವೂ ಬದಲಾಯಿಸಿಕೊಳ್ಳಬೇಕು, ಆದರೆ ಬೀದಿಯಲ್ಲಿ ನಿಂತಾಗ ಇಷ್ಟು ಸಾಕು.

ಅಲ್ಲಿ ಸಾವಿರಕ್ಕೆ ರಿಬು ಎನ್ನುತ್ತಾರೆ, ಹತ್ತು ಲಕ್ಷಕ್ಕೆ ಜುತಾ. ಈ ಎರಡು ಪದ ಕಲಿತರೆ ಸಂತೆಯಲ್ಲಿ ಅವರು ಹೇಳುವ ಬೆಲೆ ಕಿವಿಗೆ ಬೀಳುತ್ತದೆ. ಬರೆಯುವಾಗ ನಾವು ಅಲ್ಪವಿರಾಮ ಹಾಕುವ ಕಡೆ ಅವರು ಚುಕ್ಕೆ ಹಾಕುತ್ತಾರೆ. ಬಿಲ್ಲಿನಲ್ಲಿ 3.256.000 ಎಂದಿರುತ್ತದೆ. ಮೊದಲ ಸಲ ನೋಡಿದಾಗ ಆ ಚುಕ್ಕೆ ದಶಾಂಶದ ಚುಕ್ಕೆ ಅನ್ನಿಸುತ್ತದೆ, ಗಾಬರಿ ಬೇಡ.

ಹೋದ ದಿನ ರಾತ್ರಿ ರೂಮಿನಲ್ಲಿ ಕೂತು ಒಂದೊಂದು ಬಗೆಯ ನೋಟನ್ನೂ ಹಾಸಿಗೆಯ ಮೇಲೆ ಸಾಲಾಗಿಟ್ಟು ನೋಡಿ. ಹೊಸದಾಗಿ ಕೆಲಸಕ್ಕೆ ಸೇರಿದ ಕ್ಯಾಷಿಯರುಗಳಿಗೂ ನಾನು ಇದನ್ನೇ ಮಾಡಿಸುತ್ತಿದ್ದೆ. ಒಂದು ಲಕ್ಷದ್ದು ಕೆಂಪು, ಅದರಲ್ಲಿ ಇಬ್ಬರ ಚಿತ್ರ ಇದೆ. ಅವರ ಮೊದಲ ಅಧ್ಯಕ್ಷ ಸುಕಾರ್ನೊ ಮತ್ತು ಮೊದಲ ಉಪಾಧ್ಯಕ್ಷ ಹತ್ತಾ. 50,000 ನೀಲಿ, 20,000 ಹಸಿರು, 10,000 ನೇರಳೆ, 5,000 ಕಂದು, 2,000 ಬೂದಿ. ಮಬ್ಬು ಬೆಳಕಿನಲ್ಲಿ, ಸಂಜೆ ಸಮುದ್ರದ ದಂಡೆಯಲ್ಲಿ ನೇರಳೆ ಮತ್ತು ಕೆಂಪು ಒಂದೇ ಥರ ಕಾಣಬಹುದು. ಇಬ್ಬರ ಮುಖ ಇದ್ದರೆ ಲಕ್ಷ ಎಂದು ನೆನಪಿಟ್ಟುಕೊಂಡರೆ ತಪ್ಪುವುದಿಲ್ಲ. 2022ರಲ್ಲಿ ಹೊಸ ನೋಟು ಬಂದಿವೆ, 2016ರ ನೋಟುಗಳೂ ನಡೆಯುತ್ತವೆ. ಒಂದೇ ಬೆಲೆಯ ಎರಡು ಬೇರೆ ಬೇರೆ ನೋಟು ಕೈಗೆ ಬಂದರೆ ಹೆದರಬೇಡಿ.

ಅಸಲಿ ನೋಟು ಗುರುತಿಸಲು ಅಲ್ಲಿನ ಕೇಂದ್ರ ಬ್ಯಾಂಕ್ ಜನರಿಗೆ ಮೂರು ಮಾತು ಕಲಿಸಿದೆ: ದಿಲಿಹತ್, ದಿರಾಬ, ದಿತೆರಾವಾಂಗ್. ನೋಡು, ಮುಟ್ಟು, ಬೆಳಕಿಗೆ ಹಿಡಿ. ಇದನ್ನು ಕೇಳಿದಾಗ ನನಗೆ ತುಂಬಾ ಖುಷಿಯಾಯಿತು. ನಾವೂ ಕೌಂಟರಿನಲ್ಲಿ ಮಾಡುತ್ತಿದ್ದದ್ದು ಅದೇ ಮೂರು. ಬಣ್ಣ ನೋಡುವುದು, ಉಬ್ಬಿದ ಅಚ್ಚನ್ನು ಬೆರಳಿಂದ ತಡಕುವುದು, ಅನುಮಾನ ಬಂದರೆ ಟ್ಯೂಬ್‌ಲೈಟಿಗೆ ಎತ್ತಿ ಹಿಡಿಯುವುದು.

ಊರಿನಲ್ಲೇ ಮಾಡಿಕೊಳ್ಳಬೇಕಾದ ಕೆಲಸ

ನಮ್ಮ ರೂಪಾಯಿಯನ್ನೇ ಒಯ್ದು ಅಲ್ಲಿ ಬದಲಾಯಿಸಬಹುದಲ್ಲ ಎಂದು ತುಂಬಾ ಜನ ಕೇಳುತ್ತಾರೆ. ಬೇಡ. ಎಲ್ಲ ಕಡೆ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಂಡರೂ ರೇಟು ತುಂಬಾ ಕಡಿಮೆ. ಅಲ್ಲದೆ ದೇಶದಿಂದ ಹೊರಗೆ 25,000 ರೂಪಾಯಿಗಿಂತ ಜಾಸ್ತಿ ನಮ್ಮ ನೋಟು ಒಯ್ಯುವಂತಿಲ್ಲ. ಡಾಲರ್ ಮಾಡಿಸಿಕೊಂಡು ಹೋಗುವುದೇ ಲೇಸು. ಬಹುತೇಕ ದೇಶಗಳಿಗೆ ಒಂದು ಪ್ರವಾಸಕ್ಕೆ ಒಬ್ಬರು 3,000 ಡಾಲರ್ ವರೆಗೆ ನೋಟಿನಲ್ಲಿ ಒಯ್ಯಬಹುದು, ಮಿಕ್ಕದ್ದು ಕಾರ್ಡಿನಲ್ಲಿ.

ನಾವಿಬ್ಬರೂ ಸೇರಿ 900 ಡಾಲರ್ ಕೊಂಡೆವು. ರೇಟು 84 ರೂಪಾಯಿ 30 ಪೈಸೆ. ಹೊರಡುವ ಹತ್ತು ದಿನ ಮೊದಲು ಮೂರು ಕಡೆ ಫೋನ್ ಮಾಡಿ ವಿಚಾರಿಸಿದ್ದೆ. ಹೊರಡುವ ರಾತ್ರಿ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಸುಮ್ನೆ ಕೇಳಿ ನೋಡಿದರೆ 87ರ ಮೇಲೆ ಹೇಳಿದರು. 900 ಡಾಲರಿಗೆ ಎರಡೂವರೆ ಸಾವಿರಕ್ಕೆ ಹತ್ತಿರದ ವ್ಯತ್ಯಾಸ. ಕೊನೆ ಗಳಿಗೆಗೆ ಬಿಡಬಾರದು ಎನ್ನುವುದು ಇದಕ್ಕೇ. ಮೊತ್ತ 50,000 ರೂಪಾಯಿ ದಾಟಿದರೆ ನಗದು ತೆಗೆದುಕೊಳ್ಳುವುದಿಲ್ಲ, ಖಾತೆಯಿಂದಲೇ ಕಟ್ಟಬೇಕು. ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್ ಕೇಳುತ್ತಾರೆ. ಇವು ಯಾವುದನ್ನೂ ಕೇಳದೆ ಕಡಿಮೆಗೆ ಕೊಡುತ್ತೇನೆ ಎನ್ನುವವರ ಹತ್ತಿರ ಹೋಗಬೇಡಿ. ರಿಸರ್ವ್ ಬ್ಯಾಂಕಿನ ಅನುಮತಿ ಇರುವವರ ಪಟ್ಟಿ ಅದರ ವೆಬ್‌ಸೈಟಿನಲ್ಲೇ ಇದೆ. ಜಿಎಸ್‌ಟಿ ಎಷ್ಟಾಗುತ್ತದೋ ಎಂದು ಹೆದರುವವರಿಗೆ ಹೇಳುತ್ತೇನೆ, ಅದು ಪೂರ್ತಿ ಮೊತ್ತಕ್ಕೆ ಬೀಳುವುದಿಲ್ಲ. ಒಂದು ಲಕ್ಷದೊಳಗಿನ ಮೊತ್ತಕ್ಕೆ ಅದರ ಶೇ. 1ರಷ್ಟನ್ನು ಬೆಲೆ ಎಂದಿಟ್ಟುಕೊಂಡು, ಅದರ ಮೇಲೆ ಶೇ. 18 ಹಾಕುತ್ತಾರೆ. ನಮ್ಮ 75,870 ರೂಪಾಯಿಗೆ ಬಂದ ಜಿಎಸ್‌ಟಿ 137 ರೂಪಾಯಿ ಅಷ್ಟೇ. ಬಿಲ್ಲು ಜೋಪಾನವಾಗಿಟ್ಟುಕೊಳ್ಳಿ.

ನೋಟು ತೆಗೆದುಕೊಳ್ಳುವಾಗ ಒಂದೊಂದನ್ನೂ ನೋಡಿ ತೆಗೆದುಕೊಳ್ಳಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ನಮ್ಮಲ್ಲಿ ಮಡಿಸಿದ, ಪೆನ್ನಿನಲ್ಲಿ ಬರೆದ ನೋಟೂ ನಡೆದುಬಿಡುತ್ತದೆ. ಬಾಲಿಯಲ್ಲಿ ಡಾಲರ್ ಮೇಲೆ ಒಂದು ಸಣ್ಣ ಹರಿದ ಗುರುತು, ಒಂದು ಶಾಯಿಯ ಚುಕ್ಕೆ, ಒಂದು ಸೀಲು ಇದ್ದರೂ ವಾಪಸ್ ಕೊಡುತ್ತಾರೆ, ಇಲ್ಲವೇ ರೇಟು ಇಳಿಸುತ್ತಾರೆ. ನೂರರ ನೋಟಾದರೆ ನಡುವೆ ನೀಲಿ ಪಟ್ಟಿ ಇರುವುದನ್ನೇ ಕೇಳಿ. ಅದು 2013ರಲ್ಲಿ ಬಂದ ಹೊಸ ವಿನ್ಯಾಸ. 100 ಮತ್ತು 50ರ ನೋಟಿಗೆ ಒಳ್ಳೆಯ ರೇಟು, 20, 10ರ ನೋಟಿಗೆ ಕಡಿಮೆ ರೇಟು ಎಂದು ಅಲ್ಲಿನ ಬೋರ್ಡಿನಲ್ಲೇ ಬೇರೆ ಬೇರೆ ಬರೆದಿರುತ್ತಾರೆ. ನಾನು ಏಳು ನೂರು, ಮೂರು ಐವತ್ತು, ಉಳಿದದ್ದು ಚಿಲ್ಲರೆ ತೆಗೆದುಕೊಂಡೆ. ಒಂದು ಹಳೆಯ ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಕವರಿನಲ್ಲಿ ಮಡಿಸದೆ ಇಟ್ಟೆ.

ವೀಸಾ ಶುಲ್ಕ 5 ಲಕ್ಷ ರುಪಿಯಾ, ಬಾಲಿಗೆ ಬರುವ ವಿದೇಶಿಯರು 2024ರ ಫೆಬ್ರವರಿಯಿಂದ ಕಟ್ಟಬೇಕಾದ ಶುಲ್ಕ 1,50,000 ರುಪಿಯಾ. ಎರಡನ್ನೂ ಮಗಳು ಮನೆಯಲ್ಲೇ ಕೂತು ಕಾರ್ಡಿನಿಂದ ಕಟ್ಟಿದ್ದಳು. ಹಾಗಾಗಿ ಅಲ್ಲಿ ಇಳಿದ ತಕ್ಷಣ ಜಾಸ್ತಿ ಹಣ ಬೇಕಾಗಲಿಲ್ಲ. ವಿಮಾನ ನಿಲ್ದಾಣದಲ್ಲಿ ಟ್ಯಾಕ್ಸಿಗೆ, ಊಟಕ್ಕೆ ಎಂದು 50 ಡಾಲರ್ ಮಾತ್ರ ಬದಲಾಯಿಸಿದೆವು. ರೇಟು ಸ್ವಲ್ಪ ಕಡಿಮೆಯೇ, ಆದರೆ ಇಷ್ಟಕ್ಕೆ ಪರವಾಗಿಲ್ಲ.

ಕಾರ್ಡು ಮತ್ತು ಎಟಿಎಂ

ಇದರ ಬಗ್ಗೆ ಚುಟುಕಾಗಿ ಹೇಳುತ್ತೇನೆ. ನಮ್ಮ ಕಾರ್ಡುಗಳಲ್ಲಿ ವಿದೇಶದ ಬಳಕೆ ಮೊದಲು ಆಫ್ ಆಗಿರುತ್ತದೆ. ಹೊರಡುವ ಮೊದಲು ಬ್ಯಾಂಕಿನ ಆ್ಯಪಿನಲ್ಲಿ ಆನ್ ಮಾಡಿ, ದಿನದ ಮಿತಿ ಇಡಿ, ಬಂದ ಮೇಲೆ ಆಫ್ ಮಾಡಿ. ವಿದೇಶಿ ಹಣ ಮೊದಲೇ ತುಂಬಿಸಿ ಒಯ್ಯುವ ಬಹಳಷ್ಟು ಫಾರೆಕ್ಸ್ ಕಾರ್ಡುಗಳಲ್ಲಿ ರುಪಿಯಾ ತುಂಬಿಸಲು ಬರುವುದಿಲ್ಲ. ಡಾಲರ್ ತುಂಬಿಸಿ ರುಪಿಯಾದಲ್ಲಿ ಖರ್ಚು ಮಾಡಿದರೆ ನಡುವೆ ಇನ್ನೊಂದು ಶುಲ್ಕ ಬೀಳುತ್ತದೆ. ಕಾರ್ಡ್ ಕೊಳ್ಳುವ ಮೊದಲೇ ಅದು ಎಷ್ಟು ಎಂದು ಕೇಳಿ.

ಎಟಿಎಂ ಆದರೆ ಬ್ಯಾಂಕಿನ ಶಾಖೆಗೆ ಅಂಟಿಕೊಂಡಿರುವುದಕ್ಕೇ ಹೋಗಿ, ಬ್ಯಾಂಕ್ ತೆರೆದಿರುವ ಹೊತ್ತಿನಲ್ಲೇ ಹೋಗಿ. ಕಾರ್ಡ್ ಹಾಕುವ ಜಾಗ ಒಂದು ಸಲ ಅಲುಗಾಡಿಸಿ ನೋಡಿ, ಪಿನ್ ಒತ್ತುವಾಗ ಇನ್ನೊಂದು ಕೈಯಿಂದ ಮರೆಮಾಡಿ. ಮಷಿನ್ನಿನ ಮೇಲೆ 50.000 ಅಥವಾ 100.000 ಎಂದು ಸ್ಟಿಕ್ಕರ್ ಇರುತ್ತದೆ, ಅದರಿಂದ ಬರುವ ನೋಟು ಅದೇ. ಅಲ್ಲಿನ ಕೆಲವು ಮಷಿನ್ನುಗಳಲ್ಲಿ ಮೊದಲು ಹಣ ಬರುತ್ತದೆ, ಕಾರ್ಡು ಆಮೇಲೆ. ಹಣ ಸಿಕ್ಕ ಖುಷಿಯಲ್ಲಿ ಕಾರ್ಡ್ ಬಿಟ್ಟು ಬರಬೇಡಿ.

ಸ್ಕ್ರೀನಿನಲ್ಲಿ, ಅಂಗಡಿಯ ಸ್ವೈಪ್ ಮಷಿನ್ನಿನಲ್ಲೂ, ಭಾರತದ ರೂಪಾಯಿಯಲ್ಲಿ ಕಡಿಯಲಾ ಅಥವಾ ರುಪಿಯಾದಲ್ಲಾ ಎಂದು ಕೇಳಿದರೆ ರುಪಿಯಾ ಎನ್ನಿ. ನಮ್ಮ ರೂಪಾಯಿ ಕಂಡರೆ ಪರಿಚಯದ ಮುಖ ಕಂಡಂತೆ ಬೆರಳು ಅತ್ತಲೇ ಹೋಗುತ್ತದೆ. ಆದರೆ ಆಗ ರೇಟು ಹಾಕುವವರು ಅಲ್ಲಿನವರು, ಅವರ ಲಾಭ ಸೇರಿಸಿಯೇ ಹಾಕುತ್ತಾರೆ.

ಹಣ ತೆಗೆದುಕೊಂಡು ಹೊರಗೆ ಬರುವ ಮೊದಲೇ ಅದನ್ನು ಒಳಗಿಟ್ಟು ಜಿಪ್ ಹಾಕಿ. ಎಣಿಸುತ್ತಾ ಬೀದಿಗೆ ಇಳಿಯಬೇಡಿ. ಕುಟಾ, ಸೆಮಿನ್ಯಾಕ್ ಕಡೆ ಬೈಕಿನಲ್ಲಿ ಬಂದು ಚೀಲ ಕಿತ್ತುಕೊಂಡು ಹೋಗುವುದುಂಟು. ಚೀಲ ರಸ್ತೆಯ ಕಡೆಗಿರದೆ ಗೋಡೆಯ ಕಡೆಗಿರಲಿ. ನಾವು ಹಣವನ್ನು ಮೂರು ಪಾಲು ಮಾಡಿದ್ದೆವು. ರೂಮಿನ ಲಾಕರಿನಲ್ಲಿ ಒಂದು, ನಮ್ಮವರ ಸೊಂಟದ ಚೀಲದಲ್ಲಿ ಒಂದು, ದಿನದ ಖರ್ಚಿಗೆ ನನ್ನ ಪರ್ಸಿನಲ್ಲಿ ಒಂದು. ಸಂತೆಯಲ್ಲಿ ತೆಂಗಿನಕಾಯಿ ನೀರಿಗೆ ಹಣ ಕೊಡುವಾಗ ಲಕ್ಷದ ಕಟ್ಟು ಹೊರಗೆ ಬರಬಾರದು. ದಂಡೆಯಲ್ಲಿ ಯಾರಾದರೂ ಡಾಲರಿನಲ್ಲೇ ಕೊಡಿ ಎಂದರೆ ಒಪ್ಪಬೇಡಿ. ಅಲ್ಲಿನ ವ್ಯವಹಾರ ರುಪಿಯಾದಲ್ಲೇ ನಡೆಯಬೇಕು ಎಂದು 2011ರಿಂದ ಕಾನೂನೇ ಇದೆ.

ಹನೋಯಿಯಲ್ಲಿ

ಮುಂದಿನ ವರ್ಷದ ಜನವರಿಯಲ್ಲಿ ವಿಯೆಟ್ನಾಂಗೆ ಹೋದೆವು. ಅಲ್ಲಿ ಯಾರೂ ನಮಗೆ ಮೋಸ ಮಾಡಲಿಲ್ಲ, ಆದರೆ ನೋಟುಗಳೇ ಪರೀಕ್ಷೆ ಮಾಡಿದವು. 20,000ದ ನೋಟೂ ನೀಲಿ, ಐದು ಲಕ್ಷದ್ದೂ ನೀಲಿ. ಎರಡರಲ್ಲೂ ಹೋ ಚಿ ಮಿನ್ ಅವರದೇ ಮುಖ. ಒಂದು ನಮ್ಮ 70 ರೂಪಾಯಿಯಷ್ಟು, ಇನ್ನೊಂದು 1,700. ಟ್ಯಾಕ್ಸಿ ಇಳಿಯುವ ಗಡಿಬಿಡಿಯಲ್ಲಿ ಅದಲುಬದಲಾದರೆ ಹೇಗೆ? ಮೊದಲ ದಿನವೇ ಐದು ಲಕ್ಷದ ನೋಟುಗಳನ್ನೆಲ್ಲ ಬೇರೆ ಪರ್ಸಿಗೆ ಹಾಕಿದೆ. ಅವರ ದೊಡ್ಡ ನೋಟುಗಳು ಕಾಗದದ್ದಲ್ಲ, ಪ್ಲಾಸ್ಟಿಕ್ಕಿನ ಥರದ್ದು. ಹೊಸ ನೋಟಾದರೆ ಒಂದಕ್ಕೊಂದು ಅಂಟಿಕೊಂಡು ಎರಡು ಒಂದಾಗಿ ಹೋಗಿಬಿಡುತ್ತವೆ. ಬೆರಳು ಒದ್ದೆ ಮಾಡಿಕೊಂಡರೂ ಉಪಯೋಗವಿಲ್ಲ, ಇನ್ನೂ ಜಾರುತ್ತದೆ. ಒಂದೊಂದನ್ನೇ ಮೇಜಿನ ಮೇಲೆ ಇಡುತ್ತಾ ಎಣಿಸಬೇಕು.

ಮಿಕ್ಕಿದ್ದು

ಬಾಲಿಯಿಂದ ಹೊರಡುವ ಎರಡು ದಿನ ಮೊದಲೇ ಕೈಯಲ್ಲಿರುವ ರುಪಿಯಾ ಲೆಕ್ಕ ಹಾಕಿ, ಆಮೇಲೆ ಬೇಕಾದಷ್ಟೇ ಬದಲಾಯಿಸಿ. ರುಪಿಯಾ ಊರಿಗೆ ತಂದರೆ ಕೊಳ್ಳುವವರು ಸಿಗುವುದು ಕಷ್ಟ. ಹೋಟೆಲಿನ ಕೊನೆಯ ಬಿಲ್ಲಿಗೆ ಅರ್ಧ ನಗದು, ಅರ್ಧ ಕಾರ್ಡು ಕೊಡುತ್ತೇವೆ ಎಂದರೆ ಒಪ್ಪುತ್ತಾರೆ. ನಾವು ಹಾಗೇ ಮಾಡಿದೆವು. ಕೊನೆಗೆ 62,000 ಉಳಿಯಿತು. ವಿಮಾನ ನಿಲ್ದಾಣಕ್ಕೆ ಬಿಟ್ಟ ಡ್ರೈವರಿಗೆ 50,000 ಕೊಟ್ಟೆವು, ಮಿಕ್ಕದ್ದು ನೀರಿನ ಬಾಟಲಿಗೆ ಹೋಯಿತು.

ಡಾಲರ್ 250 ಉಳಿದಿತ್ತು. ಊರಿಗೆ ಬಂದ ಮೇಲೆ 180 ದಿನದೊಳಗೆ ಅದನ್ನು ವಾಪಸ್ ಕೊಡಬೇಕು. ಆದರೆ 2,000 ಡಾಲರ್ ವರೆಗೆ ಮುಂದಿನ ಪ್ರವಾಸಕ್ಕೆ ಎಂದು ನಮ್ಮ ಹತ್ತಿರವೇ ಇಟ್ಟುಕೊಳ್ಳಬಹುದು. ಒಂದು ನೂರು, ಎರಡು ಐವತ್ತನ್ನು ಕೊಂಡಲ್ಲೇ ಹಳೆಯ ಬಿಲ್ ತೋರಿಸಿ ವಾಪಸ್ ಮಾರಿದೆವು. ಎರಡು ಇಪ್ಪತ್ತು, ಒಂದು ಹತ್ತು ಮಾತ್ರ ಅದೇ ಪಾಸ್‌ಬುಕ್ಕಿನ ಕವರಿನಲ್ಲಿ, ನಂಬರ್ ಬರೆದ ಚೀಟಿಯ ಜೊತೆಗೆ, ಮಡಿಸದೆ ಬೀರುವಿನಲ್ಲಿವೆ.